ಮನೆಯಲ್ಲೇ ಎಸ್ಪ್ರೆಸೊ: ಬೀಜ ಆರಿಸುವುದು ಹೇಗೆ, ಕಪ್ ಆರಿಸುವುದು ಹೇಗೆ?

ಎಸ್ಪ್ರೆಸೊ ಮಷಿನ್ ಕೊಳ್ಳುವ ಮೊದಲು ನಾವು ತಿಂಗಳುಗಟ್ಟಲೆ ವಿಡಿಯೊ ನೋಡುತ್ತೇವೆ, ಬೆಲೆ ತಾಳೆ ಹಾಕುತ್ತೇವೆ, ಗೆಳೆಯರ ತಲೆ ತಿನ್ನುತ್ತೇವೆ. ಮಷಿನ್ ಮನೆಗೆ ಬಂದ ಮೇಲೆ ಸೂಪರ್‌ಮಾರ್ಕೆಟ್‌ನಲ್ಲಿ ಕೈಗೆ ಸಿಕ್ಕ ಪ್ಯಾಕೆಟ್ ತಂದು, ಹಾಲು ಕುಡಿಯುವ ದೊಡ್ಡ ಮಗ್‌ಗೆ ಇಳಿಸಿ, "ಕೆಫೆಯ ರುಚಿ ಬರಲೇ ಇಲ್ಲ" ಎಂದು ಮುಖ ಸಿಂಡರಿಸುತ್ತೇವೆ. ಪಾಪ, ಮಷಿನ್ ಏನು ಮಾಡೀತು?

ಈ ಬರಹದಲ್ಲಿ ಮಷಿನ್ ಆಯ್ಕೆಯ ಚರ್ಚೆ ಇಲ್ಲ. ನುಣ್ಣನೆಯ ಕಾಫಿ ಪುಡಿಯ ಮೂಲಕ ಸುಮಾರು 9 ಬಾರ್ (ಸುತ್ತಲಿನ ಗಾಳಿಯ ಒತ್ತಡದ ಸುಮಾರು ಒಂಬತ್ತರಷ್ಟು) ಒತ್ತಡದಲ್ಲಿ ಬಿಸಿನೀರು ತಳ್ಳುವ ಮಷಿನ್ ನಿಮ್ಮಲ್ಲಿದೆ ಎಂದುಕೊಳ್ಳೋಣ. ಕೈಯಲ್ಲಿ ಒತ್ತುವ ಲಿವರ್ ಮಷಿನ್ ಆದರೂ ಸರಿ. ಒಲೆಯ ಮೇಲಿಡುವ ಮೋಕಾ ಪಾಟ್ ಇದ್ದವರಿಗೂ ಬೀಜದ ಬಗ್ಗೆ ಹೇಳಿದ್ದೆಲ್ಲ ಉಪಯೋಗಕ್ಕೆ ಬರುತ್ತದೆ. ಆದರೆ ಅದರ ಒತ್ತಡ 1-2 ಬಾರ್ ಅಷ್ಟೇ, ಕ್ರೆಮಾ ಎಂಬ ಆ ಚಿನ್ನದ ಬಣ್ಣದ ನೊರೆ ಸರಿಯಾಗಿ ಕಟ್ಟುವುದಿಲ್ಲ.

ಹಂತ 1: ಹೇಗೆ ಕುಡಿಯುತ್ತೀರಿ ಎಂದು ಮೊದಲು ತೀರ್ಮಾನಿಸಿ

ಬೀಜ, ಕಪ್ ಎರಡೂ ಇದರ ಮೇಲೆ ನಿಂತಿವೆ. ಬರೀ ಎಸ್ಪ್ರೆಸೊ ಕುಡಿಯುತ್ತೀರಾ? ಸಕ್ಕರೆ ಹಾಕುತ್ತೀರಾ? ಹಾಲು ಬೇಕೇ ಬೇಕಾ? ಮನೆಯಲ್ಲಿ ಎಷ್ಟು ಜನ ಕುಡಿಯುತ್ತಾರೆ?

ಮರ್ಯಾದೆಗೋಸ್ಕರ "ನಾನು ಬ್ಲ್ಯಾಕ್ ಮಾತ್ರ" ಅನ್ನಬೇಡಿ. ಫಿಲ್ಟರ್ ಕಾಫಿ ಕುಡಿದು ಬೆಳೆದ ನಾಲಿಗೆಗೆ ಹಾಲು ಕಾಫಿಯೇ ಹಿತ ಅನಿಸಿದರೆ ಅದರಲ್ಲಿ ತಪ್ಪೇನಿಲ್ಲ. ಸಕ್ಕರೆ ಹಾಕಲು ಸಂಕೋಚವೂ ಬೇಡ, ಇಟಲಿಯಲ್ಲೇ ಎಷ್ಟೋ ಜನ ಹಾಕಿಕೊಳ್ಳುತ್ತಾರೆ. ಹಾಲಿನಲ್ಲಿ ಕುಡಿಯುವುದಾದರೆ ಗಟ್ಟಿಯಾದ, ಸ್ವಲ್ಪ ಕಹಿ ಇರುವ ಕಾಫಿ ಬೇಕು. ತೆಳು ಹದದಲ್ಲಿ ಹುರಿದ ಹೂವಿನ ಘಮದ ದುಬಾರಿ ಅರೇಬಿಕಾ ಜಾತಿಯ ಕಾಫಿ ಹಾಲಿನಲ್ಲಿ ಎಲ್ಲಿ ಹೋಯಿತು ಎಂದೇ ತಿಳಿಯುವುದಿಲ್ಲ. ದುಡ್ಡು ದಂಡ.

ಹಂತ 2: ಪ್ಯಾಕೆಟ್‌ನಲ್ಲಿ ಮೊದಲು ಹುಡುಕಬೇಕಾದದ್ದು ದಿನಾಂಕ

ಬ್ರ್ಯಾಂಡ್, ಬಣ್ಣ, ಪ್ರಶಸ್ತಿ ಎಲ್ಲ ಆಮೇಲೆ. ಯಾವತ್ತು ಹುರಿದದ್ದು ಎಂದು ಬರೆದಿದೆಯಾ ನೋಡಿ. "ಇಷ್ಟು ತಿಂಗಳೊಳಗೆ ಬಳಸಿ" ಎಂದಷ್ಟೇ ಇದ್ದರೆ ಆ ಪ್ಯಾಕೆಟ್ ಬಿಟ್ಟುಬಿಡಿ. ಹೊರದೇಶದಿಂದ ಬಂದ ಎಷ್ಟೋ ಪ್ಯಾಕೆಟ್‌ಗಳ ಕಥೆ ಹೀಗೇ. ಹಡಗಿನಲ್ಲಿ ಬಂದು, ಗೋದಾಮಿನಲ್ಲಿ ಕೂತು, ಅಂಗಡಿಗೆ ಬರುವಷ್ಟರಲ್ಲಿ ಹುರಿದು ತಿಂಗಳುಗಳೇ ಆಗಿರುತ್ತವೆ. ಇದರಲ್ಲೊಂದು ತಮಾಷೆಯೂ ಇದೆ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ದೇಶದ ಕಾಫಿಯಲ್ಲಿ ಸುಮಾರು 70% ಬೆಳೆಯುವುದು ಕರ್ನಾಟಕದಲ್ಲಿ. ಅಂದರೆ ಆ "ಇಟಾಲಿಯನ್" ಪ್ಯಾಕೆಟ್‌ನೊಳಗೆ ನಮ್ಮ ಕೊಡಗಿನ ರೋಬಸ್ಟಾ ಜಾತಿಯ ಕಾಫಿಯೇ ಇದ್ದರೂ ಆಶ್ಚರ್ಯವಿಲ್ಲ. ಸುಮ್ನೆ ಸಮುದ್ರ ದಾಟಿ ಹೋಗಿ, ಹಳತಾಗಿ ವಾಪಸ್ ಬಂದಿರುತ್ತದೆ.

ಹಾಗಂತ ಇವತ್ತೇ ಹುರಿದದ್ದು ಬೇಕು ಎಂದೂ ಹಟ ಹಿಡಿಯಬೇಡಿ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುವ ಹಾಗೆ, ಆಗಷ್ಟೇ ಹುರಿದ ಬೀಜವೂ ಹದಕ್ಕೆ ಸಿಗುವುದಿಲ್ಲ. ಹುರಿದಾಗ ಬೀಜದೊಳಗೆ ಇಂಗಾಲದ ಡೈ ಆಕ್ಸೈಡ್ ತುಂಬಿಕೊಂಡಿರುತ್ತದೆ. ಅದು ಜಾಸ್ತಿ ಇದ್ದರೆ ನೀರು ಪುಡಿಯೊಳಗೆ ಒಂದೇ ಸಮನೆ ಇಳಿಯುವುದಿಲ್ಲ. ಕಪ್ ತುಂಬ ನೊರೆ ಬರುತ್ತದೆ, ಎರಡು ನಿಮಿಷದಲ್ಲಿ ಕುಸಿಯುತ್ತದೆ, ರುಚಿ ಚುರುಕಾಗಿ ನಾಲಿಗೆ ಕಚ್ಚುತ್ತದೆ. ಕಡು ಹದದ ಬೀಜಕ್ಕೆ ಒಂದು ವಾರ, ಮಧ್ಯಮ ಹದದ್ದಕ್ಕೆ ಹತ್ತು ದಿನ, ತೆಳು ಹದದ್ದಕ್ಕೆ ಎರಡು ವಾರ ಅಥವಾ ಇನ್ನೂ ಸ್ವಲ್ಪ ಬಿಡುವು ಕೊಡಿ. ಅಲ್ಲಿಂದ ಮುಂದೆ ಒಂದು ತಿಂಗಳು ಒಳ್ಳೆಯ ಕಾಲ.

ಊರಿನ ಕಾಫಿ ಪುಡಿ ಅಂಗಡಿಯನ್ನು ಮರೆಯಬೇಡಿ. ಬೆಂಗಳೂರು, ಮೈಸೂರು, ಹಾಸನ, ಚಿಕ್ಕಮಗಳೂರಿನಲ್ಲಿ ತಾವೇ ಹುರಿದು ಪುಡಿ ಮಾಡಿಕೊಡುವ ಹಳೇ ಅಂಗಡಿಗಳು ಇನ್ನೂ ಇವೆ. "ಯಾವತ್ತು ಹುರಿದಿದ್ದು ಸಾರ್?" ಎಂದು ಕೇಳಿ. "ಪುಡಿ ಮಾಡಬೇಡಿ, ಬೀಜವಾಗಿಯೇ ಕೊಡಿ, ಚಿಕೋರಿ ಬೇಡ" ಎಂದು ಬಿಡಿಸಿ ಹೇಳಿ. ವಿಶೇಷ ಕಾಫಿ ಮಾರುವ ಹೊಸ ರೋಸ್ಟರಿಗಳಿಗಿಂತ ಕಡಿಮೆ ಬೆಲೆಗೆ ತಾಜಾ ಬೀಜ ಸಿಗುವ ಜಾಗ ಇದು.

ಚಿಕೋರಿ ವಿಷಯದಲ್ಲಿ ಮಾತ್ರ ರಾಜಿ ಬೇಡ. ಫಿಲ್ಟರ್ ಕಾಫಿಗೆ ಚಿಕೋರಿ ಬಣ್ಣ, ಗಟ್ಟಿತನ ಎರಡೂ ಕೊಡುತ್ತದೆ, ಅಲ್ಲಿ ಅದಕ್ಕೊಂದು ಸ್ಥಾನವಿದೆ. ನಮ್ಮ ಆಹಾರ ನಿಯಮದಂತೆ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ 51% ಇದ್ದರೂ ಸಾಕು, ಉಳಿದದ್ದು ಚಿಕೋರಿ ಇರಬಹುದು. ಎಸ್ಪ್ರೆಸೊ ಮಷಿನ್‌ಗೆ ಇಂಥ ಪುಡಿ ಹಾಕಿದರೆ ಚಿಕೋರಿ ಅಂಟಂಟಾಗಿ ಕರಗಿ ಜಾಲರಿಯ ತೂತು ಕಟ್ಟುತ್ತದೆ. ಕೆಲವೊಮ್ಮೆ ನೀರು ಇಳಿಯುವುದೇ ಇಲ್ಲ.

ಹಂತ 3: ಅರೇಬಿಕಾನಾ, ರೋಬಸ್ಟಾನಾ?

"100% ಅರೇಬಿಕಾ" ಎಂದು ಪ್ಯಾಕೆಟ್ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದರೆ ನಮಗೆ ಏನೋ ಗೌರವ. ನನ್ನ ಅಭಿಪ್ರಾಯದಲ್ಲಿ ಮನೆಯಲ್ಲಿ ಎಸ್ಪ್ರೆಸೊ ಶುರು ಮಾಡುವವರಿಗೆ ಇದು ದಾರಿ ತಪ್ಪಿಸುವ ಸಾಲು. ಶುರುವಿಗೆ 70-80% ಅರೇಬಿಕಾ, 20-30% ಒಳ್ಳೆಯ ರೋಬಸ್ಟಾ ಇರುವ ಮಿಶ್ರಣವೇ ಸರಿ.

ಅರೇಬಿಕಾ ಎತ್ತರದ ಬೆಳೆ, ಹೆಚ್ಚಾಗಿ 1000ದಿಂದ 1500 ಮೀಟರ್. ಬಾಬಾಬುಡನ್‌ಗಿರಿ, ಬಿಳಿಗಿರಿರಂಗನ ಬೆಟ್ಟದಂಥ ಜಾಗ. ಹಣ್ಣಿನ ಹುಳಿ, ಸಿಹಿ, ಸೂಕ್ಷ್ಮ ಘಮ ಇದರ ಗುಣ. ರೋಬಸ್ಟಾ ಅದಕ್ಕಿಂತ ತಗ್ಗಿನಲ್ಲಿ, 500ರಿಂದ 1000 ಮೀಟರ್‌ನಲ್ಲಿ ಬೆಳೆಯುತ್ತದೆ. ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟು. ಹುಳಿ ಕಡಿಮೆ, ಕಹಿ ಜಾಸ್ತಿ, ಬಾಯಲ್ಲಿ ದಪ್ಪ, ಕ್ರೆಮಾ ಚೆನ್ನಾಗಿ ಕಟ್ಟುತ್ತದೆ. ಇಟಲಿಯವರು ನಮ್ಮ ರೋಬಸ್ಟಾ ಹುಡುಕಿಕೊಂಡು ಬರುವುದು ಇದಕ್ಕೇ.

ಆದರೆ ರೋಬಸ್ಟಾದಲ್ಲೂ ಎರಡು ಬಗೆಯ ಸಂಸ್ಕರಣೆ ಇದೆ, ಅದು ಗೊತ್ತಿರಬೇಕು. ಹಣ್ಣನ್ನು ಇಡಿಯಾಗಿ ಕಣದಲ್ಲಿ ಒಣಗಿಸಿದರೆ ರೋಬಸ್ಟಾ ಚೆರ್ರಿ. ಪಲ್ಪರ್‌ನಲ್ಲಿ ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದರೆ ರೋಬಸ್ಟಾ ಪಾರ್ಚ್‌ಮೆಂಟ್. ಚೆರ್ರಿಯಲ್ಲಿ ಒರಟು ಮಣ್ಣಿನ ವಾಸನೆ ಬರುವ ಸಂಭವ ಜಾಸ್ತಿ. ಪಾರ್ಚ್‌ಮೆಂಟ್ ಶುಚಿಯಾಗಿರುತ್ತದೆ. "ಕಾಪಿ ರಾಯಲ್" ಎನ್ನುವ ಹೆಸರು ಕಂಡರೆ ಅದು ಆರಿಸಿದ ಪಾರ್ಚ್‌ಮೆಂಟ್ ರೋಬಸ್ಟಾ, ಧೈರ್ಯವಾಗಿ ತಗೊಳ್ಳಿ. ಅರೇಬಿಕಾದಲ್ಲಿ ತೊಳೆದದ್ದಕ್ಕೆ "ಪ್ಲಾಂಟೇಷನ್" ಎನ್ನುತ್ತಾರೆ, ಒಣಗಿಸಿದ್ದಕ್ಕೆ "ಅರೇಬಿಕಾ ಚೆರ್ರಿ". ಅಂಗಡಿಯ ಬೋರ್ಡಿನಲ್ಲಿ "ಪ್ಲಾಂಟೇಷನ್ ಎ" ಎಂದಿದ್ದರೆ ತೊಳೆದ ಅರೇಬಿಕಾ ಎಂದು ಓದಿಕೊಳ್ಳಿ. ಎಎ, ಎ, ಬಿ ಎಂಬ ಅಕ್ಷರಗಳು ಮುಖ್ಯವಾಗಿ ಜರಡಿಯ ಲೆಕ್ಕ, ಬೀಜದ ಗಾತ್ರ ಹೇಳುತ್ತವೆ. ದಪ್ಪ ಬೀಜವೆಲ್ಲ ರುಚಿ ಬೀಜವಲ್ಲ. ಪೀಬೆರಿ ಅಂದರೆ ಹಣ್ಣಿನೊಳಗೆ ಎರಡರ ಬದಲು ಒಂದೇ ಉರುಟು ಬೀಜ ಕೂತದ್ದು. ಅದರ ಹೆಸರಿಗೆ ನಮ್ಮಲ್ಲಿ ಭಾರೀ ಬೆಲೆ. ಎಸ್ಪ್ರೆಸೊಗೆ ಅದೇ ಆಗಬೇಕು ಅಂತೇನಿಲ್ಲ.

ಇನ್ನೊಂದು ಬೀಜ ಎಸ್ಪ್ರೆಸೊ ಕುಡಿಯುವವರು ಒಮ್ಮೆಯಾದರೂ ನೋಡಲೇಬೇಕು: ಮಾನ್ಸೂನ್ಡ್ ಮಲಬಾರ್. ಹಡಗುಗಳು ಆಫ್ರಿಕಾ ಸುತ್ತಿ ಯುರೋಪಿಗೆ ಹೋಗುತ್ತಿದ್ದ ಕಾಲದಲ್ಲಿ ನಮ್ಮ ಕಾಫಿ ತಿಂಗಳುಗಟ್ಟಲೆ ಸಮುದ್ರದ ತೇವ ಹೀರಿ, ಉಬ್ಬಿ, ಬಣ್ಣ ಕಳೆದುಕೊಂಡು ತಲುಪುತ್ತಿತ್ತು. ಅಲ್ಲಿಯವರಿಗೆ ಆ ರುಚಿಯೇ ಒಗ್ಗಿಹೋಯಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ದಾರಿ ಕಿರಿದಾಯಿತು, ಹಡಗಿನ ವೇಗವೂ ಹೆಚ್ಚಿತು, ಆ ರುಚಿ ಹೋಯಿತು. ಅದನ್ನು ಬೇಕೆಂದೇ ಮರಳಿ ತರಲು ಈಗ ಮಂಗಳೂರು ಕಡೆಯ ಕರಾವಳಿಯ ಗೋದಾಮುಗಳಲ್ಲಿ ಮಳೆಗಾಲದ ಗಾಳಿಗೆ ಬೀಜ ಹರಡುತ್ತಾರೆ, ಕೆದಕುತ್ತಾರೆ, ಸಡಿಲವಾಗಿ ಚೀಲಕ್ಕೆ ತುಂಬಿ ಮತ್ತೆ ಗಾಳಿಗೆ ಇಡುತ್ತಾರೆ. ಮೂರು-ನಾಲ್ಕು ತಿಂಗಳಲ್ಲಿ ಬೀಜ ಒಣ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಹುಳಿ ಹೆಚ್ಚುಕಡಿಮೆ ಮಾಯ, ಬಾಯಲ್ಲಿ ದಪ್ಪ. ಎಸ್ಪ್ರೆಸೊದ ಹುಳಿ ಇಷ್ಟವಾಗದವರಿಗೆ ಇದು ಹೇಳಿ ಮಾಡಿಸಿದ ಬೀಜ. ಇದೊಂದನ್ನೇ ಕುಡಿದರೆ ಕೆಲವರಿಗೆ ಗೋಣಿಚೀಲದ ವಾಸನೆ ಅನಿಸಬಹುದು. ಆಗ ಅರ್ಧಕ್ಕರ್ಧ ತೊಳೆದ ಅರೇಬಿಕಾ ಬೆರೆಸಿ.

ಮನೆಯಲ್ಲೇ ಮಿಶ್ರಣ ಮಾಡುವುದು ಕಷ್ಟವಲ್ಲ. ಒಂದೇ ಹದದಲ್ಲಿ ಹುರಿದ ಪ್ಲಾಂಟೇಷನ್ ಅರೇಬಿಕಾ 190 ಗ್ರಾಂ, ರೋಬಸ್ಟಾ ಪಾರ್ಚ್‌ಮೆಂಟ್ 60 ಗ್ರಾಂ. ಬೀಜವಾಗಿಯೇ ಬೆರೆಸಿ, ಅಲ್ಲಾಡಿಸಿ, ಡಬ್ಬಿಗೆ ಹಾಕಿ. ಹಾಲು ಕಾಫಿಯವರು ರೋಬಸ್ಟಾ 90 ಗ್ರಾಂಗೆ ಏರಿಸಿ, ಅರೇಬಿಕಾ 160ಕ್ಕೆ ಇಳಿಸಬಹುದು. ಸಂಜೆ ಹೊತ್ತು ಕುಡಿಯುವವರು ರೋಬಸ್ಟಾ ಕಡಿಮೆ ಮಾಡಿಕೊಳ್ಳಿ, ರಾತ್ರಿ ನಿದ್ದೆ ಬೇಕಲ್ವಾ?

ಹಂತ 4: ಹುರಿದ ಹದ

ಬೀಜದ ಮೇಲೆ ಎಣ್ಣೆ ಜಿನುಗಿ ಕರ್ರಗೆ ಹೊಳೆಯುತ್ತಿದ್ದರೆ ಕಡು ಹದ. ನೋಡಲು ಚೆಂದ, ಆದರೆ ಎಣ್ಣೆ ಬೇಗ ಕಮಟು ಹಿಡಿಯುತ್ತದೆ, ಗ್ರೈಂಡರ್‌ಗೂ ಅಂಟುತ್ತದೆ. ತೆಳು ಹದದ ಬೀಜ ಗಟ್ಟಿ. ಸಣ್ಣ ಕೈ ಗ್ರೈಂಡರ್‌ನಲ್ಲಿ ತಿರುಗಿಸಿ ತೋಳು ನೋಯುತ್ತದೆ, ಸಾಧಾರಣ ಮಷಿನ್‌ನಲ್ಲಿ ಹುಳಿ ಪೂರ್ತಿ ಹದಕ್ಕೆ ಬರುವುದೂ ಇಲ್ಲ. ಮಧ್ಯಮಕ್ಕಿಂತ ಒಂದು ಮೆಟ್ಟಿಲು ಕಡು, ಎಣ್ಣೆ ಇನ್ನೂ ಹೊರಬಂದಿಲ್ಲ, ಹಾಲು ಹಾಕದ ಚಾಕೊಲೇಟಿನ ಬಣ್ಣ: ಇಲ್ಲಿಂದ ಶುರು ಮಾಡಿ.

ಹಂತ 5: ಎಷ್ಟು ಕೊಳ್ಳಬೇಕು, ಎಲ್ಲಿಡಬೇಕು

ಮಷಿನ್‌ನಿಂದ ಒಂದು ಸಲಕ್ಕೆ ಇಳಿಸುವ ಎಸ್ಪ್ರೆಸೊಗೆ ಶಾಟ್ ಎನ್ನುತ್ತಾರೆ. ಒಂದು ಡಬಲ್ ಶಾಟ್‌ಗೆ, ಅಂದರೆ ಎರಡು ಪಾಲಿನ ಶಾಟ್‌ಗೆ, ಸುಮಾರು 18 ಗ್ರಾಂ ಬೇಕು. ದಿನಕ್ಕೆ ಒಂದು ಡಬಲ್ ಎಂದರೆ 250 ಗ್ರಾಂ ಹೆಚ್ಚುಕಡಿಮೆ ಎರಡು ವಾರ ಬರುತ್ತದೆ. ಒಂದು ಕೆಜಿ ಪ್ಯಾಕ್‌ನಲ್ಲಿ ಉಳಿತಾಯ ಕಂಡರೂ ಇಬ್ಬರ ಮನೆಗೆ ಅದು ಜಾಸ್ತಿ.

ಗಾಳಿಯಾಡದ ಡಬ್ಬಿ, ಒಲೆಯಿಂದ ದೂರ, ಬಿಸಿಲು ಬೀಳದ ಕಪಾಟು. ಫ್ರಿಜ್ ಬೇಡ. ತೇವ ಹಿಡಿಯುತ್ತದೆ, ನಿನ್ನೆಯ ಸಾರಿನ ವಾಸನೆಯನ್ನೂ ಎಳೆದುಕೊಳ್ಳುತ್ತದೆ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಇನ್ನೂ ಎಚ್ಚರ ವಹಿಸಬೇಕು, ಡಬ್ಬಿಯ ಬಾಯಿ ತೆರೆದಿಟ್ಟರೆ ಸಾಕು, ಬೀಜ ಮೆತ್ತಗಾಗಿ ರುಬ್ಬುವ ಅಳತೆ ದಿನಾ ಬದಲಾಗುತ್ತದೆ. ಹೆಚ್ಚು ಬೀಜ ಇದ್ದರೆ ಫ್ರೀಜರ್ ಪರವಾಗಿಲ್ಲ. 18 ಗ್ರಾಂನ ಚಿಕ್ಕ ಚಿಕ್ಕ ಪೊಟ್ಟಣ ಮಾಡಿ ಗಾಳಿ ತೆಗೆದು ಇಡಿ. ಒಮ್ಮೆ ಹೊರತೆಗೆದದ್ದನ್ನು ಮತ್ತೆ ಒಳಗಿಡಬೇಡಿ.

ಬೀಜವನ್ನು ಆಗಿಂದಾಗಲೇ ಪುಡಿ ಮಾಡಬೇಕು ಎನ್ನುವುದನ್ನು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಮಿಕ್ಸಿಯಲ್ಲಿ ಮಾತ್ರ ಬೇಡ. ಅರ್ಧ ದೂಳು, ಅರ್ಧ ರವೆ ಆಗುತ್ತದೆ.

ಹಂತ 6: ಕಪ್

ಇಟಲಿಯ ಎಸ್ಪ್ರೆಸೊ ಸಂಸ್ಥೆ ಕಪ್‌ಗೂ ಅಳತೆ ಹಾಕಿದೆ: ಬಿಳಿ ಪಿಂಗಾಣಿ, ಒಳಗೆ ಚಿತ್ತಾರ ಇರಬಾರದು, 50ರಿಂದ 100 ಮಿಲಿ ಹಿಡಿಯಬೇಕು. ಅದೇ ಸಂಸ್ಥೆಯ ಲೆಕ್ಕದಲ್ಲಿ ಕಪ್‌ಗೆ ಬಂದ ಕಾಫಿಯ ಬಿಸಿ 67 ಡಿಗ್ರಿ, 3 ಡಿಗ್ರಿ ಆಚೀಚೆ ಆಗಬಹುದು.

ಈ ಬಿಸಿಯೇ ಕಪ್ ಆಯ್ಕೆಯ ತಿರುಳು. ಒಂದು ಸಣ್ಣ ಲೆಕ್ಕ ನೋಡಿ. ಡಬಲ್ ಶಾಟ್ 36 ಗ್ರಾಂ, ಬೀಳುವಾಗ ಸುಮಾರು 85 ಡಿಗ್ರಿ. ಕಪ್ 120 ಗ್ರಾಂ, ಕೋಣೆಯ ಬಿಸಿ 25 ಡಿಗ್ರಿ. ಪಿಂಗಾಣಿ ಬಿಸಿ ಹೀರುವುದು ಅಷ್ಟೇ ತೂಕದ ನೀರಿನ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಆದರೂ ಇಡೀ ಕಪ್ ಬಿಸಿ ಹೀರಿಕೊಂಡರೆ ಕಾಫಿ 60 ಡಿಗ್ರಿಗೆ ಇಳಿಯುತ್ತದೆ. ಅದೇ ಕಪ್ಪನ್ನು ಮೊದಲೇ 50-55 ಡಿಗ್ರಿಗೆ ಬಿಸಿ ಮಾಡಿದ್ದರೆ 70ರ ಆಸುಪಾಸು ನಿಲ್ಲುತ್ತದೆ. ಒಂದು ಲೋಟ ಫಿಲ್ಟರ್ ಕಾಫಿಗೆ ಇದು ಗಮನಕ್ಕೇ ಬಾರದ ವ್ಯತ್ಯಾಸ. ಎರಡು ಗುಟುಕಿನ ಎಸ್ಪ್ರೆಸೊಗೆ ಇದೇ ದೊಡ್ಡದು. ತಣ್ಣಗಾದಂತೆ ಹುಳಿ ಎದ್ದು ಕಾಣುತ್ತದೆ, ನೀವು ಬೀಜವನ್ನು ಬೈಯುತ್ತೀರಿ.

ಅಳತೆ ಮೊದಲು ನೋಡಿ. ಬರೀ ಎಸ್ಪ್ರೆಸೊಗೆ 60-80 ಮಿಲಿ ಕಪ್. ಚೂರು ಹಾಲು ಬೀಳಿಸಿ ಕುಡಿಯುವವರಿಗೆ 90-100. ನೊರೆ ಹಾಲಿನ ಕ್ಯಾಪುಚಿನೊ ಆದರೆ 150-180. ಆನ್‌ಲೈನ್ ಅಂಗಡಿಯಲ್ಲಿ "ಎಸ್ಪ್ರೆಸೊ ಕಪ್" ಎಂದು 120 ಮಿಲಿಯದ್ದನ್ನೂ ಮಾರುತ್ತಾರೆ, ಫೋಟೊ ನೋಡಿ ಮೋಸ ಹೋಗಬೇಡಿ. ಮನೆಯಲ್ಲಿರುವ ಕಪ್ ಎಷ್ಟು ಹಿಡಿಯುತ್ತದೆ ಎಂದು ತಿಳಿಯಲು ಅಡುಗೆಮನೆಯ ತಕ್ಕಡಿ ಮೇಲಿಟ್ಟು, ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿ. ಒಂದು ಗ್ರಾಂ ಅಂದರೆ ಒಂದು ಮಿಲಿ. ಶಾಟ್ ಬಿದ್ದ ಮೇಲೆ ಕಪ್ ಅರ್ಧ ತುಂಬಿರಬೇಕು, ಆಗ ಘಮ ನಿಲ್ಲಲು ಮೇಲೆ ಜಾಗ ಸಿಗುತ್ತದೆ.

ಒಳಗಿನ ಆಕಾರ ಮೊಟ್ಟೆಯ ತಳದ ಹಾಗೆ ಉರುಟಾಗಿದ್ದರೆ ಕಾಫಿ ಚಿಮ್ಮದೆ ಜಾರಿ ಇಳಿಯುತ್ತದೆ, ಕ್ರೆಮಾ ದಪ್ಪವಾಗಿ ಕೂರುತ್ತದೆ. ಚಪ್ಪಟೆ ತಳ, ಅಗಲ ಬಾಯಿಯದ್ದರಲ್ಲಿ ಕ್ರೆಮಾ ತೆಳ್ಳಗೆ ಹರಡಿ ಬೇಗ ಒಡೆಯುತ್ತದೆ. ಗೋಡೆ ದಪ್ಪ, ತುಟಿಗೆ ತಾಗುವ ಅಂಚು ಮಾತ್ರ ತುಸು ತೆಳು ಇರಬೇಕು. ಹಿಡಿಯಲ್ಲಿ ಬೆರಳು ಹಿಡಿಯುತ್ತದಾ ನೋಡಿ. ಹೊರಗಿನ ಬಣ್ಣ ನಿಮ್ಮಿಷ್ಟ. ಒಳಗೆ ಬಿಳಿಯೇ ಇರಲಿ, ಕ್ರೆಮಾದ ಬಣ್ಣ ನೋಡಿ ಶಾಟ್ ಹೇಗೆ ಬಂತು ಎಂದು ಊಹಿಸಬಹುದು. ತೀರಾ ಬಿಳಿಚಿಕೊಂಡಿದ್ದರೆ ನೀರು ಬೇಗ ಓಡಿದೆ.

ಇನ್ನು ಯಾವುದರಲ್ಲಿ ಮಾಡಿದ್ದು ಎಂಬ ಪ್ರಶ್ನೆ. ಪಿಂಗಾಣಿಯೇ ನನ್ನ ಮೊದಲ ಆಯ್ಕೆ. ಉತ್ತರ ಪ್ರದೇಶದ ಖುರ್ಜಾ ಕಡೆಯಿಂದ ಬರುವ ಕಪ್ಪು-ಬಸಿ ನಮ್ಮೂರ ಪಾತ್ರೆ ಅಂಗಡಿಯಲ್ಲೂ ಸಿಗುತ್ತವೆ, ಬೆಲೆಯೂ ಹೊರೆಯಲ್ಲ. ಎರಡು ಪದರದ ಗಾಜಿನ ಕಪ್‌ನಲ್ಲಿ ಒಳಗೋಡೆ ತೆಳು, ನಡುವೆ ಗಾಳಿ. ಹಾಗಾಗಿ ಬಿಸಿ ಕಡಿಮೆ ಹೀರುತ್ತದೆ, ಕೈ ಸುಡುವುದಿಲ್ಲ, ಕ್ರೆಮಾ ಇಳಿಯುವ ಚೆಂದ ನೋಡಬಹುದು. ಆದರೆ ಸಿಂಕ್‌ನಲ್ಲಿ ಒಂದು ಪೆಟ್ಟು ಬಿದ್ದರೆ ಮುಗಿಯಿತು. ಒಳಗೂ ಹೊಳಪು ಲೇಪನ ಇಲ್ಲದ ಮಣ್ಣಿನ ಕಪ್ ಕಾಫಿ ಎಣ್ಣೆ ಕುಡಿದು ಹಳೇ ವಾಸನೆ ಬಿಡುತ್ತದೆ, ಎಸ್ಪ್ರೆಸೊಗೆ ಬೇಡ.

ಸ್ಟೀಲ್ ಲೋಟ? ಈ ಪ್ರಶ್ನೆ ನಮ್ಮಲ್ಲಿ ಬಂದೇ ಬರುತ್ತದೆ. ತೆಳು ಸ್ಟೀಲ್ ತಾನು ಹೀರುವ ಬಿಸಿ ಕಡಿಮೆಯೇ. ತೊಂದರೆ ಬೇರೆ. ಬಿಸಿಯನ್ನು ಅದು ಅಂಚಿಗೂ ಹೊರಗಿನ ಗಾಳಿಗೂ ತಕ್ಷಣ ದಾಟಿಸುತ್ತದೆ. ಮೊದಲ ಗುಟುಕಿಗೆ ತುಟಿ ಸುಡುತ್ತದೆ, ಎರಡನೆಯದಕ್ಕೆ ಕಾಫಿ ಆರಿರುತ್ತದೆ. ದರ್ಶಿನಿಯ ಹಾಲು ಕಾಫಿಗೆ ಆ ಗುಣವೇ ಅನುಕೂಲ, ನಿಂತಲ್ಲೇ ಆರಿಸಿಕೊಂಡು ಕುಡಿಯಬೇಕಲ್ಲ. ಎಸ್ಪ್ರೆಸೊಗೆ ಹಾಲು ಬೆರೆಸಿ ಕುಡಿಯುವವರು ಸ್ಟೀಲ್ ಲೋಟದಲ್ಲೇ ಕುಡಿಯಿರಿ, ನನ್ನ ತಕರಾರಿಲ್ಲ.

ಕೊಳ್ಳುವ ಮೊದಲು ಇನ್ನೊಂದು ಅಳತೆ: ಮಷಿನ್‌ನ ಮೂತಿಯಿಂದ ತಟ್ಟೆಯವರೆಗಿನ ಎತ್ತರ. ಕೆಳಗೆ ಸಣ್ಣ ತಕ್ಕಡಿ ಇಟ್ಟು ಅದರ ಮೇಲೆ ಕಪ್ ಕೂರಬೇಕು. ಆರು ಕಪ್‌ನ ಸೆಟ್ ಬೇಡ, ಒಂದೇ ಥರದ ಎರಡು ಸಾಕು. ಡಬಲ್ ಶಾಟ್ ಇಳಿಸಿ ಎರಡೂ ಕಪ್‌ಗೆ ಹಂಚಿದರೆ ಮನೆಯಲ್ಲೇ ಬೈಟೂ ಕಾಫಿ.

ಹಂತ 7: ಬಿಸಿ ಮಾಡಿ, ಇಳಿಸಿ, ನೋಡಿ

ಮಷಿನ್ ತಲೆಯ ಮೇಲೆ ಕಪ್ ಮಗುಚಿ ಇಟ್ಟರೆ ಬಿಸಿಯಾಗುತ್ತದೆ ಎನ್ನುತ್ತಾರೆ. ಕೆಫೆಯ ದೊಡ್ಡ ಮಷಿನ್‌ಗೆ ಅದು ಸರಿ. ಮನೆಯ ಚಿಕ್ಕ ಮಷಿನ್ ಮೇಲೆ ಬರೀ ಬೆಚ್ಚಗಾಗುತ್ತದೆ. ಬಿಸಿನೀರು ತುಂಬಿ ಅರ್ಧ ನಿಮಿಷ ಬಿಟ್ಟು, ಚೆಲ್ಲಿ, ಬಟ್ಟೆಯಲ್ಲಿ ಒರೆಸಿ. ಕಪ್ ಹಿಡಿದರೆ ಬಿಸಿ ತಟ್ಟಬೇಕು, ಕೈ ಹಿಂದೆಗೆಯುವಷ್ಟು ಬೇಡ.

18 ಗ್ರಾಂ ಪುಡಿ, 36 ಗ್ರಾಂ ಕಾಫಿ, 25-30 ಸೆಕೆಂಡ್. ಹೊಸ ಪ್ಯಾಕೆಟ್ ತೆರೆದಾಗಲೆಲ್ಲ ಇಲ್ಲಿಂದ ಶುರು. ಹುಳಿ, ತೆಳು, ಬೇಗ ಇಳಿಯಿತು ಎಂದರೆ ಪುಡಿ ಇನ್ನಷ್ಟು ನುಣ್ಣಗೆ. ಕಹಿ, ಒಗರು, ತೊಟ್ಟು ತೊಟ್ಟಾಗಿ ಬಿತ್ತು ಎಂದರೆ ತುಸು ದಪ್ಪ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕುಡಿಯುವ ಮೊದಲು ಚಮಚದಲ್ಲಿ ಒಮ್ಮೆ ಕಲಕಿ. ಕ್ರೆಮಾ ಬರೀ ಕಹಿ, ತಳದಲ್ಲಿ ಸಿಹಿ ಇರುತ್ತದೆ, ಎರಡೂ ಸೇರಬೇಕು.

ನೀರಿನ ವಿಷಯ ಒಂದೇ ಮಾತು: ಗಡಸು ಬೋರ್‌ವೆಲ್ ನೀರು ಹಾಕಬೇಡಿ. ರುಚಿಯೂ ಕೆಡುತ್ತದೆ, ಮಷಿನ್‌ನೊಳಗೆ ಸುಣ್ಣ ಕಟ್ಟುತ್ತದೆ.

ಎರಡು ಬೀಜಗಳ ನಡುವೆ ಯಾವುದು ಎಂದು ತೀರ್ಮಾನಿಸಲು ಆಗದಿದ್ದರೆ ಒಂದೇ ಥರದ ಆ ಎರಡು ಕಪ್‌ಗಳಲ್ಲಿ ಬೆನ್ನುಬೆನ್ನಿಗೆ ಇಳಿಸಿ. ಕಪ್‌ನ ತಳಕ್ಕೆ ಗುರುತು ಹಾಕಿ, ಮನೆಯವರ ಕೈಯಲ್ಲಿ ಅದಲು ಬದಲು ಮಾಡಿಸಿ, ನೋಡದೆ ಕುಡಿಯಿರಿ. ಬಿಸಿ ಇದ್ದಾಗ ಒಂದು ಗುಟುಕು, ಐದು ನಿಮಿಷ ಬಿಟ್ಟು ಇನ್ನೊಂದು. ಆರಿದ ಮೇಲೂ ಹಿತವಾಗಿರುವ ಬೀಜವನ್ನೇ ಮುಂದಿನ ಸಲ ತನ್ನಿ. ಬೆಲೆ ನೋಡಿ ಮನಸ್ಸು ಬದಲಿಸಬೇಡಿ.

ಕಪ್ ತೊಳೆಯುವಾಗ ನಿಂಬೆ ಘಮದ ಪಾತ್ರೆ ಸೋಪು ಕಡಿಮೆ ಹಾಕಿ, ಚೆನ್ನಾಗಿ ಜಾಲಿಸಿ. ಆ ವಾಸನೆ ಮರುದಿನದ ಕಾಫಿಯಲ್ಲಿ ಕಾಣಿಸಿಕೊಳ್ಳುತ್ತದೆ. ಒಳಗೆ ಕಂದು ಕಲೆ ಹಿಡಿದರೆ ಉಜ್ಜಿ ಗೀರು ಮಾಡಬೇಡಿ. ಒಂದು ಚಮಚ ಅಡುಗೆ ಸೋಡಾ, ಬಿಸಿನೀರು ಹಾಕಿ ಅರ್ಧ ಗಂಟೆ ನೆನೆಸಿಟ್ಟು, ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ.